ದೋಣಿಮನೆಯಲ್ಲಿ ಮುದ್ದೆ

ಅರವತ್ತೈದರ ಯುದ್ಧಕ್ಕೆ ಮುಂಚಿನ ಮಾತು. ಕಾಶ್ಮೀರದಲ್ಲಿ ದೋಣಿಮನೆ ಹಿಡಿದು ಮನೆಮಂದಿಯೆಲ್ಲ ನದಿ ಮೇಲೆ ತೇಲೋಣವೆಂದು ವರ್ಷವೆಲ್ಲ ಪುಸಲಾಯಿಸಿ ಒಪ್ಪಿಸಿದ್ದೆ. ಹೊರಡುವ ದಿನ ಮಾಲೂರು ಸ್ಟೇಷನ್ನಿಗೆ ತಮ್ಮನೊಬ್ಬನೇ ಬಂದ.

"ನೀರಿನ ಮೇಲೆ ಮಲಗೋಕೆ ನನ್ನ ಹೆಂಡ್ತಿಗೆ ಭಯವಂತೆ. ನೀನು ಹೋಗ್ಬಾ ಅಕ್ಕಯ್ಯ, ನಿನಗೆ ಒಂಟಿಯಾಗಿ ತಿರುಗಿ ಅಭ್ಯಾಸ," ಎಂದು ಎಲ್ಲರಿಗೂ ಸಾಲುವಷ್ಟು ಕಟ್ಟಿದ್ದ ರಾಗಿಹಿಟ್ಟಿನ ಗಂಟು, ಮುದ್ದೆಕೋಲು ಕೈಗಿಟ್ಟ.

ಒಬ್ಬಳೇ ಕಾಶ್ಮೀರ ಸೇರಿದಾಗ ದೋಣಿಯವನು ಎಲ್ಲರಿಗೂ ಹಾಸಿಗೆ ಹಾಸಿಟ್ಟಿದ್ದ. ಕೋಲು ನೋಡಿ, "ಇಷ್ಟು ಪುಟ್ಟ ಹುಟ್ಟು ಹಾಕುವ ಮಗು ಎಲ್ಲಿ, ಬೀಬೀಜಿ?" ಎಂದ.

"ಮಾಲೂರಲ್ಲೇ ಉಳೀತು," ಎಂದೆ, ನಮ್ಮ ಕಡೆಯ ಮುಳಬಾಗಿಲ ಉರ್ದುವಿನಲ್ಲಿ.

ಒಬ್ಬಳಿಗೆಂದು ಮುದ್ದೆ ಮಾಡಿ ನನಗೆ ಅಭ್ಯಾಸವಿಲ್ಲ. ಅವನ ಸಂಸಾರವನ್ನೆಲ್ಲ ಊಟಕ್ಕೆ ಕೂರಿಸಿದೆ. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ಮಾತ್ರ ಹೇಳಲಿಲ್ಲ. ಪಾಪ, ಅಗಿಯುತ್ತ ಬಹಳ ಹೊತ್ತು ನನ್ನ ಜೊತೆ ಕೂತಿದ್ದರು.