ಗೌಸ್ ಸಾಹೇಬರು ನಡೆಸಿಕೊಟ್ಟ ಕೇಸು

ಗೌಸ್ ಸಾಹೇಬರ ಶರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ದಬ್ಬಳ ಇರುತ್ತಿತ್ತು. ಗೋಣಿಚೀಲ ಹೊಲಿಯುವ, ಬೆರಳುದ್ದದ ಕಬ್ಬಿಣದ ದಬ್ಬಳ. ಮೈಸೂರಿನ ವಕೀಲರೊಬ್ಬರ ಹತ್ತಿರ ಮೂವತ್ತೆರಡು ವರ್ಷ ಗುಮಾಸ್ತರಾಗಿದ್ದವರು ಅವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ನಸೀಮಾ ಅವರನ್ನು ಸ್ಯಾನ್ ಡಿಯೇಗೋದ ರಾಂಚೊ ಬರ್ನಾರ್ಡೊ ಬಡಾವಣೆಗೆ ಕರೆಸಿಕೊಂಡಳು. ನಮ್ಮ ಮನೆಯಿಂದ ನಾಲ್ಕನೆಯದು ಅವರ ಮನೆ. ಯಾವ ಕಾಗದ ಬಂದರೂ ದಬ್ಬಳದಲ್ಲಿ ತೂತು ಮಾಡಿ ಬಿಳಿ ದಾರದಲ್ಲಿ ಹೊಲಿದು ಇಡುತ್ತಿದ್ದರು. ಕರೆಂಟ್ ಬಿಲ್ಲು, ಲೈಬ್ರರಿ ಚೀಟಿ, ಪಿಜ್ಜಾ ಕೂಪನ್ನು, ಎಲ್ಲವೂ ಆ ಕಟ್ಟಿನಲ್ಲಿ. "ಕವರ್ ಎಸೀಬೇಡಿ ಅಮ್ಮಾ, ಅರ್ಧ ಕೇಸು ಕವರಲ್ಲೇ ಇರುತ್ತೆ" ಎನ್ನುವರು.

ಒಮ್ಮೆ ಅಂಗಡಿಯ ಹಾಲು ಒಡೆದಿತ್ತು. ಸಾಹೇಬರು ರಸೀದಿ, ಡಬ್ಬದ ಮೇಲಿನ ಚೀಟಿ, ತಾವು ಇಂಗ್ಲಿಷಿನಲ್ಲಿ ಬರೆದ ಒಂದು ಪುಟದ ದೂರು, ಮೂರನ್ನೂ ಹೊಲಿದುಕೊಂಡು ಹೋದರು. ಕೌಂಟರಿನ ಹುಡುಗಿ ಅದನ್ನು ಬಿಚ್ಚಿಯೂ ನೋಡದೆ ಬೇರೆ ಹಾಲು ಕೊಟ್ಟು ಕಳಿಸಿದಳಂತೆ. ಅದಕ್ಕೆ ಅವರಿಗೆ ಎರಡು ದಿನ ಬೇಸರ. "ಒಂದು ಪ್ರಶ್ನೆ ಕೇಳ್ಲಿಲ್ಲ ಅಮ್ಮಾ. ಇದೇನು ದೇಶ" ಎಂದರು. ಮಕ್ಕಳೇ, ಇಂಥ ಮನುಷ್ಯರ ಕೈಗೆ ನನ್ನ ಕೇಸು ಸಿಕ್ಕಿತು.

ಕೇಸು ಏನೆಂದು ಹೇಳುತ್ತೇನೆ. ಆಗ ನೀವಿಬ್ಬರೂ ತುಂಬ ಚಿಕ್ಕವರು. ನಿಮ್ಮ ತಾತನೂ ನಾನೂ ಲಾಸ್ ಏಂಜಲೀಸಿನ ಹತ್ತಿರದ ಪೊಮೊನಾದಲ್ಲಿದ್ದೆವು. ಅವರಿಗೆ ಅಲ್ಲಿನ ಯೂನಿವರ್ಸಿಟಿಯ ವರ್ಕ್‌ಶಾಪಿನಲ್ಲಿ ಕೆಲಸ. 2001ರಲ್ಲಿ ಒಂದು ಬೆಳಿಗ್ಗೆ ಎದೆಯ ಟೆಸ್ಟ್ ಇದೆ, ಮಧ್ಯಾಹ್ನ ಊಟಕ್ಕೆ ಬಂದುಬಿಡೋಣ ಎಂದು ತಾವೇ ಡ್ರೈವ್ ಮಾಡಿಕೊಂಡು ಲಾಸ್ ಏಂಜಲೀಸಿನ ಆಸ್ಪತ್ರೆಗೆ ನನ್ನನ್ನೂ ಕರೆದುಕೊಂಡು ಹೋದರು. ಆಸ್ಪತ್ರೆಯ ಜಾಗ ತುಂಬಿತ್ತು. ಎದುರಿಗಿದ್ದ ಖಾಸಗಿ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದರು. ಆ ಕಾರು ಅಲ್ಲಿ ಹನ್ನೊಂದು ದಿನ ನಿಂತಿತು. ಅವರು ವಾಪಸು ಬರಲಿಲ್ಲ. ನಿಮ್ಮಪ್ಪ ಹೋಗಿ ಕಾರು ತಂದಾಗ ಅದರ ಗಾಜಿಗೆ ಹನ್ನೊಂದು ಚೀಟಿ ಸಿಕ್ಕಿಸಿದ್ದರಂತೆ. ಅವನ್ನು ಯಾರೂ ಓದಲಿಲ್ಲ. ಓದುವ ಮನಸ್ಸು ಯಾರಿಗಿತ್ತು.

ನಾನು ಸ್ಯಾನ್ ಡಿಯೇಗೋಗೆ ಬಂದು ನಿಮ್ಮ ಜೊತೆ ಇದ್ದು ಐದು ವರ್ಷವಾಗಿತ್ತು. ಒಂದು ಮಧ್ಯಾಹ್ನ ಬಾಗಿಲಿಗೆ ಒಬ್ಬ ಬಂದು ನನ್ನ ಹೆಸರು ಕೇಳಿ ಒಂದು ಕಟ್ಟು ಕಾಗದ ಕೊಟ್ಟ. ಬಿಸಿಲಲ್ಲಿ ಬಂದಿದ್ದಾನಲ್ಲ ಎಂದು ನಾನು ಒಂದು ಲೋಟ ತಣ್ಣೀರು ಕೊಟ್ಟೆ. ಕುಡಿದು ಥ್ಯಾಂಕ್ಯೂ ಹೇಳಿ ಹೋದ. ಆ ಪಾರ್ಕಿಂಗಿನ ಕಂಪನಿಯವರು ಹನ್ನೊಂದು ದಿನದ ಬಾಡಿಗೆ, ದಂಡ, ದಂಡದ ಮೇಲೆ ದಂಡ ಎಂದು ಲಾಸ್ ಏಂಜಲೀಸಿನ ಚಿಕ್ಕ ಕೋರ್ಟಿನಲ್ಲಿ ನನ್ನ ಮೇಲೆ ದಾವೆ ಹಾಕಿದ್ದರು. ಕಾರು ನಮ್ಮಿಬ್ಬರ ಹೆಸರಿನಲ್ಲಿತ್ತು. ಉಳಿದಿದ್ದವಳು ನಾನು.

"ಅಮ್ಮ, ಕಟ್ಟಿಬಿಡೋಣ. ಯಾಕೆ ಟೆನ್ಷನ್" ಎಂದಳು ನಿಮ್ಮಮ್ಮ. ನನಗೂ ಅದೇ ಸರಿ ಎನಿಸಿತ್ತು. ಅಷ್ಟರಲ್ಲಿ ವಾಕಿಂಗ್ ಮುಗಿಸಿ ಬಂದ ಗೌಸ್ ಸಾಹೇಬರು ಕಾಗದ ನೋಡಿದರು.

"ಇದನ್ನ ತಂದೋನಿಗೆ ಏನಂದ್ರಿ?"

"ಏನೂ ಅನ್ಲಿಲ್ಲ. ನೀರು ಕೊಟ್ಟೆ."

"ಸಮನ್ಸ್ ತಂದೋನಿಗೆ ನೀರು ಕೊಟ್ರಾ? ನಮ್ಮ ಕಡೆ ಬಾಗ್ಲು ಹಾಕ್ಕೊಂಡು ಹಿತ್ಲಿಂದ ಹೋಗ್ತಾರೆ ಅಮ್ಮಾ." ಒಂದು ಗಳಿಗೆ ತಲೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಕಾಗದದ ತಾರೀಖುಗಳನ್ನು ನೋಡುತ್ತಿದ್ದಂತೆ ಅವರ ಮುಖ ಅರಳಿತು. "ದಾವೆಗೆ ಕಾಲಮಿತಿ ಅಂತ ಒಂದಿದೆ. ಇಲ್ಲಿ ಎಷ್ಟು ವರ್ಷ ಅಂತ ನಾಳೆ ಲೈಬ್ರರೀಲಿ ನೋಡ್ತೀನಿ. ನಾಕು ಕಾಸೂ ಕಟ್ಟಬೇಡಿ. ಕಟ್ಟಿದ್ರೆ ನಿಮ್ಮೆಜಮಾನ್ರು ಜಾಗ ತಗೊಂಡು ದುಡ್ಡು ಕೊಡದೆ ಓಡಿಹೋದ್ರು ಅಂತ ನೀವೇ ಬರ್ಕೊಟ್ಟ ಹಾಗೆ."

ಆ ಮಾತು ನನಗೆ ಚುಚ್ಚಿತು. ಯಾರ ಹತ್ತಿರವೂ ಒಂದು ದಿನ ಕೈಸಾಲ ಮಾಡದ ಮನುಷ್ಯ ನಿಮ್ಮ ತಾತ. ಹೂಂ ಎಂದುಬಿಟ್ಟೆ. ಆಮೇಲೆ ಯಾಕಾದರೂ ಅಂದೆನೋ ಎಂದು ದಿನಾ ಅಂದುಕೊಂಡೆ.

ಯಾಕೆಂದರೆ ಮರುದಿನದಿಂದ ಸಾಹೇಬರು ಸಂಜೆ ನಾಲ್ಕಕ್ಕೆ ನಮ್ಮ ಮನೆಗೆ ಹಾಜರು. ಇಲ್ಲಿ ಹೆಚ್ಚೆಂದರೆ ನಾಲ್ಕು ವರ್ಷ, ನಿಮ್ಮದಕ್ಕೆ ಐದಾಗಿದೆ, ಕೇಸು ಗೆದ್ದ ಹಾಗೇ ಎಂದರು. ಆದರೆ ಆ ಕೋರ್ಟಿಗೆ ವಕೀಲರು ಬರುವ ಹಾಗಿಲ್ಲವಂತೆ. ಯಾರ ಮೇಲೆ ದಾವೆಯೋ ಅವರೇ ನಿಂತು ಹೇಳಬೇಕು. ನಾನೋ ಹಳ್ಳಿಯ ಸ್ಕೂಲಿನಲ್ಲಿ ಏಳನೇ ಕ್ಲಾಸು ಓದಿದವಳು. ಅಂಗಡಿಯಲ್ಲಿ ಸೊಪ್ಪು ಎಲ್ಲಿದೆ ಎಂದು ಕೇಳಲೂ ನಾಚಿ ಮೂರು ಸುತ್ತು ಹುಡುಕುತ್ತಿದ್ದವಳು.

"ಜಾಸ್ತಿ ಏನೂ ಬೇಡ. ನಿಮ್ಮೆಜಮಾನ್ರು ಆಸ್ಪತ್ರೇಲಿದ್ದ ತಾರೀಖು, ಹೋದ ತಾರೀಖು. ಅಷ್ಟು ಹೇಳಿದ್ರೆ ಕಾಲ ಮೀರಿದೆ ಅಂತ ಜಡ್ಜಿಗೇ ಗೊತ್ತಾಗುತ್ತೆ. ಎಲ್ಲಿ, ಹೇಳಿ ನೋಡೋಣ."

ನಾನು ಹೇಳಲಿಲ್ಲ. ಆ ತಾರೀಖನ್ನು ನಾನು ಐದು ವರ್ಷದಿಂದ ಬಾಯಲ್ಲಿ ಆಡಿರಲಿಲ್ಲ. ಕ್ಯಾಲೆಂಡರಿನಲ್ಲಿ ಆ ತಿಂಗಳು ಬಂದರೆ ಹಾಳೆಯ ಮೇಲೆ ಟವೆಲ್ ನೇತುಹಾಕುತ್ತಿದ್ದೆ. ಇದನ್ನು ಇವರಿಗೆ ಹೇಗೆ ಹೇಳುವುದು. ಅವರು ದಿನಾ ಕೇಳುವರು, ನಾನು ದಿನಾ ಟೀ ತರುತ್ತೇನೆಂದು ಅಡುಗೆಮನೆಗೆ ಹೋಗುವೆನು. ಮರಣ ಪ್ರಮಾಣಪತ್ರ ಕೊಡಿ, ಆಸ್ಪತ್ರೆಯ ಕಾಗದ ಕೊಡಿ ಎಂದು ಪೀಡಿಸಿದರು. ಕಪಾಟಿನ ಪೆಟ್ಟಿಗೆಯಲ್ಲಿದ್ದದ್ದನ್ನು ಸಿಗುತ್ತಿಲ್ಲ ಎಂದು ಸುಳ್ಳು ಹೇಳಿದೆ. "ನಮ್ಮ ಕಕ್ಷಿದಾರರೇ ದಾಖಲೆ ಮುಚ್ಚಿಟ್ರೆ ಗುಮಾಸ್ತ ಏನು ಮಾಡ್ಲಿ" ಎಂದು ಗೋಡೆಗೆ ಹೇಳುವಂತೆ ಹೇಳಿ ಹೊರಡುವರು. ಮರುದಿನ ನಾಲ್ಕಕ್ಕೆ ಮತ್ತೆ ಬರುವರು.

ಕೋರ್ಟಿನ ದಿನ ನಿಮ್ಮಮ್ಮ ರಜೆ ಹಾಕಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಅವಳು ಕಾರು ನಿಲ್ಲಿಸಿದ ಕಡೆ ಇದ್ದ ಬೋರ್ಡನ್ನು ಸಾಹೇಬರು ಸಣ್ಣ ಅಕ್ಷರದವರೆಗೂ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವರೆಗೆ ನಮ್ಮನ್ನು ಕದಲಲು ಬಿಡಲಿಲ್ಲ. ಕೋರ್ಟಿನ ಬಾಗಿಲಲ್ಲಿ ಮಿಷನ್ನು ಕೂಗಿತು. ಜೇಬಿನ ದಬ್ಬಳ. ಒಳಗೆ ತರುವ ಹಾಗಿಲ್ಲ, ಇಲ್ಲೇ ಕಸದ ಡಬ್ಬಕ್ಕೆ ಹಾಕಿ ಎಂದ ಪೊಲೀಸಿನವನು.

"ಮೂವತ್ತೆರಡು ವರ್ಷ ಇದನ್ನ ಇಟ್ಕೊಂಡೇ ಕೋರ್ಟಿಗೆ ಹೋಗಿದೀನಿ. ಜಡ್ಜು ಕೂಡ ಇದನ್ನ ಸಾಲ ಕೇಳಿದ್ದುಂಟು" ಎಂದು ಅವನಿಗೆ ಕನ್ನಡದಲ್ಲೇ ಹೇಳಿದರು. ನಿಮ್ಮಮ್ಮ ಹಲ್ಲು ಕಚ್ಚಿಕೊಂಡು, "ಕೊಡಿ ಅಂಕಲ್, ನಾನು ಕಾರಲ್ಲಿ ಇಟ್ಟು ಬರ್ತೀನಿ. ನೀವು ಒಳಗೆ ಸುಮ್ನೆ ಕೂತಿರಿ" ಎಂದು ಮತ್ತೆ ಪಾರ್ಕಿಂಗಿಗೆ ಓಡಿದಳು.

ಸಾಹೇಬರು ಸುಮ್ಮನೆ ಕೂರಲಿಲ್ಲ. ಒಳಗೆ ಹೋದವರೇ ಜೇಬಿನಿಂದ ಮಡಿಸಿದ ಕಾಗದ ತೆಗೆದು ಅಲ್ಲಿದ್ದ ಗುಮಾಸ್ತೆಯ ಕೈಗೆ ಕೊಟ್ಟರು. ಏನೆಂದು ಹೇಳದೆ ನನ್ನಿಂದ ಹಿಂದಿನ ದಿನವೇ ಅದಕ್ಕೆ ರುಜು ಹಾಕಿಸಿದ್ದರು. ಅದು ವಾಯಿದೆ ಕೇಳುವ ಅರ್ಜಿ.

"ಯಾಕೆ ಸಾಹೇಬ್ರೇ?" ಎಂದೆ.

"ಮೊದಲ್ನೇ ದಿನ ಯಾರಮ್ಮಾ ಕೇಸ್ ನಡೆಸ್ತಾರೆ? ವಾಯಿದೆ ತಗೋಬೇಕು. ಎದುರು ಪಾರ್ಟಿಗೆ ಸುಸ್ತಾಗಬೇಕು."

ಜಡ್ಜಮ್ಮ ಅರ್ಜಿ ಓದಿ ತಲೆಯಾಡಿಸಿ ಆರು ವಾರ ಮುಂದಿನ ದಿನ ಕೊಟ್ಟರು. ಸಾಹೇಬರು ಕಿರೀಟ ತೊಟ್ಟವರಂತೆ ಕುಳಿತರು. ಅಷ್ಟರಲ್ಲಿ ನಿಮ್ಮಮ್ಮ ಏದುಸಿರು ಬಿಡುತ್ತ ಬಂದು ಗುಮಾಸ್ತೆಯನ್ನು ವಿಚಾರಿಸಿದಳು. ವಾಪಸು ಬಂದು ನನ್ನ ಪಕ್ಕ ಕುಳಿತಳು.

"ಆ ಕಂಪನಿಯೋರು ಇವತ್ತು ಬಂದೇ ಇಲ್ಲ ಅಮ್ಮ" ಎಂದಳು. "ಅವರು ಬರದೇ ಇದ್ರೆ ಕೇಸು ಇವತ್ತೇ ವಜಾ ಆಗ್ತಿತ್ತು. ನಾವೇ ಇನ್ನೊಂದು ದಿನ ಕೇಳಿದ್ವಂತೆ."

ನಮ್ಮ ಕಣ್ಣೆದುರಿಗೇ ಮುಂದಿನ ಕೇಸಿನ ಗಡ್ಡದವನೊಬ್ಬ, ಅವನ ಎದುರು ಪಾರ್ಟಿಯೂ ಬಂದಿರಲಿಲ್ಲ, ನಗುತ್ತಾ ಮನೆಗೆ ಹೋದ. ವಾಪಸು ಬರುವಾಗ ಕಾರಿನಲ್ಲಿ ಸಾಹೇಬರು, "ವಾಯಿದೆ ಕೇಳಿದ ತಕ್ಷಣ ಕೊಟ್ಟುಬಿಟ್ರಲ್ಲ, ಒಳ್ಳೆ ಜಡ್ಜು" ಎಂದರು. ನಿಮ್ಮಮ್ಮ ರೇಡಿಯೋ ಜೋರು ಮಾಡಿದಳು. ನನಗಂತೂ ಆ ದಿನ ಅವರನ್ನು ದಾರಿಯಲ್ಲೇ ಇಳಿಸಿಬಿಡಬೇಕು ಎನಿಸಿತ್ತು.

ಎರಡನೆಯ ಸಲ ನಿಮ್ಮಮ್ಮನಿಗೆ ರಜೆ ಸಿಗಲಿಲ್ಲ. ನಿಮ್ಮಪ್ಪ ಸಾಹೇಬರ ಜೇಬು ಮುಟ್ಟಿ ನೋಡಿ, ನಮ್ಮಿಬ್ಬರನ್ನೂ ರೈಲು ಹತ್ತಿಸಿದರು. ಇಂಗ್ಲಿಷ್ ಬಾರದವರ ಪರವಾಗಿ ಜೊತೆಯವರು ಹೇಳಬಹುದಂತೆ, ಹಾಗಾಗಿ ಸಾಹೇಬರು ಹೇಳುವುದು ಎಂದು ಮಾತಾಗಿತ್ತು. ಆ ಬೆಳಿಗ್ಗೆ ಪೆಟ್ಟಿಗೆ ತೆಗೆದು ಮರಣಪತ್ರವನ್ನು ಕವರಿನಲ್ಲಿ ಹಾಕಿ, ನಾನು ಬಿಚ್ಚಿ ನೋಡದೆ, ಅವರ ಕೈಗೆ ಕೊಟ್ಟಿದ್ದೆ. ಕಿಟಕಿಯಾಚೆ ಸಮುದ್ರ ಬಂದಿತ್ತು. ಸಾಹೇಬರು ಸಮುದ್ರ ನೋಡಲಿಲ್ಲ.

"ಜಡ್ಜು ನಿಮ್ಮನ್ನೇ ಕೇಳಿದ್ರೂ ಕೇಳಬಹುದು. ಒಂದ್ಸಲ ತಾರೀಖು ಹೇಳಿಬಿಡಿ ಅಮ್ಮಾ."

"ನಿಮಗೆ ಅದು ತಾರೀಖು ಸಾಹೇಬ್ರೇ. ನನಗಲ್ಲ" ಎಂದೆ. ನನ್ನ ದನಿ ಏರಿತ್ತು. ಎದುರು ಸೀಟಿನ ಹೆಂಗಸು ಪುಸ್ತಕದಿಂದ ತಲೆಯೆತ್ತಿದಳು.

ಎರಡು ಸ್ಟೇಷನ್ ಕಳೆದ ಮೇಲೆ ಸಾಹೇಬರು ಮೆಲ್ಲಗೆ, "ಹಾಗಾದ್ರೆ ತಿಂಗಳು, ವರ್ಷ ಹೇಳಿ ಸಾಕು. ದಿನ ಬಿಟ್ಟುಬಿಡೋಣ" ಎಂದರು.

ಕೋರ್ಟಿನಲ್ಲಿ ನಮ್ಮ ಹೆಸರು ಕೂಗಿದರು. ಈ ಸಲ ಕಂಪನಿಯ ಕಡೆಯಿಂದ ಟೈ ಕಟ್ಟಿದ ಒಬ್ಬ ಬಂದಿದ್ದ. ಕಾರು ಹನ್ನೊಂದು ದಿನ ಬಿಟ್ಟಿ ನಿಂತಿತ್ತು, ಎಷ್ಟು ಪತ್ರ ಬರೆದರೂ ಉತ್ತರವಿಲ್ಲ ಎಂದ. ಆ ಪತ್ರಗಳೆಲ್ಲ ಪೊಮೊನಾದ ಖಾಲಿ ಮನೆಗೆ ಹೋಗಿದ್ದಿರಬೇಕು. ಜಡ್ಜಮ್ಮ ನನ್ನ ಕಡೆ ತಿರುಗಿದರು. ನಾನು ಸಾಹೇಬರ ಕಡೆ ತಿರುಗಿದೆ. ಅವರು ಪಕ್ಕದಲ್ಲಿರಲಿಲ್ಲ. ನನ್ನ ಬೆನ್ನ ಹಿಂದೆ ಒಂದು ಹೆಜ್ಜೆ ಸರಿದು, ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಕಾಗದದ ಕಟ್ಟು ಹಿಡಿದು ನಿಂತಿದ್ದರು. "ಹೇಳಿ ಸಾಹೇಬ್ರೇ" ಎಂದು ಪಿಸುಗುಟ್ಟಿದೆ. ಅವರ ತುಟಿ ಅಲ್ಲಾಡಲಿಲ್ಲ. ಊರಿಗೆಲ್ಲ ಮಾತಾಡುವ ಮನುಷ್ಯ.

ಎಲ್ಲರೂ ಕಾಯುತ್ತಿದ್ದರು. ಟೈ ಕಟ್ಟಿದವನು ಗಡಿಯಾರ ನೋಡಿಕೊಂಡ. ಅವನು ನೋಡಿಕೊಂಡದ್ದು ನೋಡಿ ನನಗೆ ಎಲ್ಲಿತ್ತೋ ಸಿಟ್ಟು ಬಂತು.

"ಮೈ ಹಸ್ಬೆಂಡ್ ಇನ್ ಹಾಸ್ಪಿಟಲ್" ಎಂದೆ. "ಕಾರ್ ವೇಟಿಂಗ್. ಹಿ ನಾಟ್ ಕಮ್ ಬ್ಯಾಕ್."

ಯಾವಾಗ ಎಂದು ಜಡ್ಜಮ್ಮ ಕೇಳಿದರು. ಮೆತ್ತಗೇ ಕೇಳಿದರು. ನಾನು ತಿಂಗಳು ಹೇಳಿದೆ, ದಿನ ಹೇಳಿದೆ, ವರ್ಷ ಹೇಳಿದೆ. ಬೆಳಗಿನ ಜಾವ ಎಂದೂ ಹೇಳಿದೆ, ಅದನ್ನು ಯಾರೂ ಕೇಳಿರಲಿಲ್ಲ. ನನ್ನ ಮೊಣಕೈಯ ಪಕ್ಕದಿಂದ ಸಾಹೇಬರ ಕೈ ಮುಂದೆ ಬಂತು. ಅದರಲ್ಲಿ ಮರಣಪತ್ರ ಸರಿಯಾದ ಕಡೆ ಮಡಿಸಿ ಸಿದ್ಧವಾಗಿತ್ತು.

ಜಡ್ಜಮ್ಮ ಅದನ್ನು ಓದಿ ಕಂಪನಿಯವನನ್ನು ಕೇಳಿದರು, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು. ಕಂಪನಿ ಕೈ ಬದಲಾಯಿತು, ಫೈಲು ಹುಡುಕುವುದು ತಡವಾಯಿತು ಎಂದ. ದಾವೆ ಹಾಕುವ ಕಾಲ ಮುಗಿದಿದೆ, ಈಕೆ ಏನೂ ಕೊಡಬೇಕಾಗಿಲ್ಲ ಎಂದರು ಅವರು. ಆಮೇಲೆ ನನಗೆ ಬೇರೆಯಾಗಿ, ಐ ಆಮ್ ಸಾರಿ, ಎಂದರು. ಹತ್ತು ನಿಮಿಷವೂ ಆಗಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ನಾನು ಸಾಹೇಬರನ್ನು ಹಿಡಿದುಕೊಂಡೆ. "ಒಂದ್ಮಾತು ಆಡ್ಲಿಲ್ಲವಲ್ಲ ನೀವು. ನಿಮ್ಮನ್ನ ಕರ್ಕೊಂಡು ಬಂದದ್ದು ಯಾತಕ್ಕೆ?"

"ಗುಮಾಸ್ತ ಕೋರ್ಟ್ ಹಾಲಲ್ಲಿ ಮಾತಾಡಲ್ಲ ಅಮ್ಮಾ" ಎಂದರು ಅವರು, ನಿಜವಾಗಿ ಆಶ್ಚರ್ಯಪಟ್ಟು. "ಮೂವತ್ತೆರಡು ವರ್ಷದಲ್ಲಿ ಒಂದಿನಾನೂ ಆಡಿಲ್ಲ. ಹಿಂದೆ ನಿಂತು ಕಾಗದ ಕೊಡೋದು ನಮ್ಮ ಕೆಲ್ಸ. ಮಾತಾಡೋದು ವಕೀಲ್ರು."

"ಇಲ್ಲಿ ವಕೀಲ್ರು ಯಾರಿದ್ರು?"

"ನೀವಿದ್ರಲ್ಲ."

ವಾಪಸು ರೈಲಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತೆ. ಚಿತ್ರಾನ್ನದ ಡಬ್ಬಿ ಮಾತ್ರ ಮುಂದೆ ತಳ್ಳಿದೆ.

2008ರಲ್ಲಿ ಅವರು ಮೈಸೂರಿಗೆ ಹೊರಟುನಿಂತರು. ಇಲ್ಲಿ ಕೆಲಸವಿಲ್ಲ, ಜನ ಜಗಳವೇ ಆಡುವುದಿಲ್ಲ ಎಂದು ಅವರ ಕಾರಣ. ಹೊರಡುವ ಹಿಂದಿನ ಸಂಜೆ ಬಂದು ನಮ್ಮ ಜಗುಲಿಯಲ್ಲಿ ಕುಳಿತು ಎರಡು ಲೋಟ ಟೀ ಕುಡಿದರು. "ಬೆಳಗಿನ ಜಾವ ಅಂತ ಯಾಕೆ ಹೇಳಿದ್ರಿ ಅಮ್ಮಾ? ಕೇಳಿದ್ದಕ್ಕಿಂತ ಜಾಸ್ತಿ ಹೇಳಬಾರದು, ಎದುರು ಪಾರ್ಟಿಗೆ ದಾರಿ ಆಗುತ್ತೆ" ಎಂದು ಎರಡು ವರ್ಷದ ಹಿಂದಿನ ತಪ್ಪನ್ನು ತಿದ್ದಿ ಹೋದರು. ಅದೇ ಕೊನೆ.

ನಾಲ್ಕೇ ತಿಂಗಳು. ಒಂದು ಮಧ್ಯಾಹ್ನ ನಸೀಮಾ ಬಾಗಿಲಿಗೆ ಬಂದು ನಿಂತಳು. ಆಂಟಿ, ಅಬ್ಬಾ ಹೋಗ್ಬಿಟ್ರು ಎಂದವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಿಮ್ಮ ತಾತ ಹೋದಾಗ ನಮ್ಮ ಮನೆಗೆ ಬಂದವರೆಲ್ಲ ಸಮಾಧಾನ ಹೇಳಿದರು, ಅಡುಗೆ ಮಾಡಿಟ್ಟು ಹೋದರು. ಆ ಹನ್ನೊಂದು ದಿನ ಹೇಗಿತ್ತು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದರೆ ನನಗೆ ನೋವಾಗುತ್ತದೆ ಎಂದು ಅವರು ತಿಳಿದಿದ್ದರು. ಆ ಕೋರ್ಟಿನಲ್ಲಿ ನಿಂತು ಹೇಳುವವರೆಗೆ ನಾನೂ ಹಾಗೇ ತಿಳಿದಿದ್ದೆ.

ನಸೀಮಾಳನ್ನು ಸೋಫಾದ ಮೇಲೆ ಕೂರಿಸಿ ಪಕ್ಕದಲ್ಲಿ ಕುಳಿತೆ. "ಯಾವತ್ತು ಹೋದರಮ್ಮ? ಎಷ್ಟು ಹೊತ್ತಿಗೆ? ಹತ್ರ ಯಾರಿದ್ರು?" ಎಂದು ಕೇಳಿದೆ.

ಅವಳು ಮುಖವೆತ್ತಿ ನನ್ನನ್ನು ನೋಡಿದಳು. ಆಮೇಲೆ ಹೇಳತೊಡಗಿದಳು. ನೀವು ಸ್ಕೂಲಿನಿಂದ ಬರುವವರೆಗೂ ಹೇಳಿದಳು.