ಮಗಳ ಬದಲಿಗೆ ಮಾಡಿದ ಯೋಗ

ರಕ್ತದ ಕ್ಯಾನ್ಸರಿದ್ದ ಮಗಳನ್ನು ಕಮಲಾಪುರದಿಂದ ಬಸ್ಸಿನಲ್ಲಿ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಸೂಜಿ ಕಂಡರೆ ಅವಳು ನಡುಗುತ್ತಿದ್ದಳು. ಅದಕ್ಕಾಗಿ ವಾರ್ಡಿಗೆ ಬರುತ್ತಿದ್ದ ಯೋಗದ ಅಕ್ಕೋರು ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಿದರು. ಸುಸ್ತಾದ ದಿನ ಮಗಳು ಅದನ್ನು ಮಾಡುತ್ತಿರಲಿಲ್ಲ. ಹರಕೆಯ ಉಪವಾಸವನ್ನು ಮಕ್ಕಳ ಬದಲು ಹಿರಿಯರೇ ಮಾಡುವುದು ನಮ್ಮ ಮನೆಯ ರೂಢಿ. ಹಾಗೆಯೇ ಅವಳ ಪಾಲಿನದನ್ನು ನಾನು ವರಾಂಡದಲ್ಲಿ ಕೂತು ಮಾಡಿದೆ. ಕಂಡು ಕೇಳಿದ ಅಕ್ಕೋರಿಗೂ ಇದನ್ನೇ ಹೇಳಿದೆ.

"ಇದೇನು ಉಪವಾಸ ಏನ್ರೀ, ಅಕಿ ಬದಲಿ ನೀವು ಮಾಡಾಕ? ಒಳಗ ಬಂದು ಅಕಿ ಜೋಡಿ ಮಾಡ್ರಿ," ಎಂದು ಅಕ್ಕೋರು ನಕ್ಕರು.

ಮಗಳ ಕೈ ಹಿಡಿದು ಕೂತೆ. ನನ್ನದು ಅವಸರದ ಉಸಿರು.

"ಅಪ್ಪಾ, ಬಸ್ಸೇನು ಹೋಗಂಗಿಲ್ಲ. ಸಾವಕಾಶ ಬಿಡು," ಎಂದಳು.

ಸೂಜಿ ಚುಚ್ಚಿದಾಗ ಮುಖ ಕಿವುಚಿದಳು, ಆದರೆ ಕೈ ಎಳೆದುಕೊಳ್ಳಲಿಲ್ಲ.

ರೋಗ ವಾಸಿಯಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಅಲ್ಲಿಯವರೆಗೆ ಸೂಜಿಯ ಹೊತ್ತಿಗೆ ನಾನು ಒಮ್ಮೆಯೂ ವರಾಂಡಕ್ಕೆ ಹೋಗಲಿಲ್ಲ.