ದಿಲೀಪನ ಪಾಲಿನ ಬಿಯರು

ಹೆಂಡದಂಗಡಿ ಇರುವ ದಿಕ್ಕಿಗೆ ತಲೆ ಹಾಕಿಯೂ ಮಲಗದ ಮಹಾನಂದಾ ಬಿಯರು ಕೊಳ್ಳಲು ಸಾಲಿನಲ್ಲಿ ನಿಂತಿದ್ದಳೆಂದರೆ ಅವಳ ಊರು ನಿಂಬರ್ಗಾದಲ್ಲಿ ಯಾರೂ ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಲಿ. ಆಳಂದದ ಹೊರಗೆ, ರಸ್ತೆಬದಿಯ ಹೊಸ ಹೋಟೆಲಿನ ಮುಂದೆ, ತೊಗರಿ ಹೊಲದಲ್ಲಿ ತನ್ನ ಜೊತೆ ಕಳೆ ಕೀಳುವ ಸಾಬವ್ವ, ಮಲ್ಕಮ್ಮ ಎಂಬ ಇಬ್ಬರು ಗೆಳತಿಯರನ್ನು ಕರೆದುಕೊಂಡು ಅವಳು ನಿಂತದ್ದು ನಿಜ. ಈ ಮೂವರನ್ನು ಬಿಟ್ಟರೆ ಸಾಲಿನಲ್ಲಿದ್ದವರೆಲ್ಲ ಕಲಬುರಗಿ ಕಡೆಯಿಂದ ಬೈಕು, ಕಾರುಗಳಲ್ಲಿ ಬಂದ ಹುಡುಗರು. ಆ ಹೋಟೆಲಿನವರು ಬಿಳಿಜೋಳದಿಂದ ತಾವೇ ಬಿಯರು ಮಾಡಿದ್ದರು. ಅಂದು ಅದರ ಮೊದಲ ಮಾರಾಟ, ಒಬ್ಬರಿಗೆ ಒಂದೇ ಬಾಟಲಿ.

ಆ ಹೋಟೆಲಿಗೆ ಜೋಳದ ಚೀಲ ಹೊತ್ತವನು ಮಹಾನಂದಾಳ ಗಂಡ ದಿಲೀಪ. ಹಮಾಲಿ ಮಾಡಿ ಬದುಕಿದವನು. ಶನಿವಾರ ಪಗಾರ ಕೈಗೆ ಬಂದರೆ ಒಂದು ಬಿಯರು ತರುತ್ತಿದ್ದ, ಅಷ್ಟೇ. ಕುಡಿದು ಬೀಳಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತಲಿಲ್ಲ. ಆದರೆ ಮಹಾನಂದಾ ತನ್ನಪ್ಪ ಕುಡಿದು ಕುಡಿದು ಮನೆ ಹಾಳು ಮಾಡಿದ್ದನ್ನು ಕಣ್ಣಾರೆ ಕಂಡವಳು. ಬಾಟಲಿ ಕಂಡರೆ ಸಾಕು, ಅವಳ ಮೈಮೇಲೆ ದೇವರು ಬಂದಂತಾಗುತ್ತಿತ್ತು. ಪಾಪ, ಆತ ಹಿತ್ತಲ ಗೋಡೆಗೆ ಆತು ನಿಂತು ಗಟಗಟ ಮುಗಿಸಬೇಕು, ಇವಳು ಒಳಗಿನಿಂದ ಬೈಯುತ್ತಲೇ ಇರಬೇಕು. ಒಮ್ಮೆ ಅರ್ಧ ಕುಡಿದದ್ದನ್ನು ಕಸಿದು ತಿಪ್ಪೆಗೆ ಸುರಿದಳು. "ತಿಪ್ಪಿಗಿ ನಿಶಾ ಏರ್ತದ ನೋಡಬೇ," ಎಂದು ದಿಲೀಪ ನಕ್ಕ. ಅವಳು ಎರಡು ದಿನ ಮಾತು ಬಿಟ್ಟಳು.

ಹೋಟೆಲಿನ ಕೆಲಸ ಹಿಡಿದ ಮೇಲೆ ಅವನದು ಒಂದೇ ಜಪ. "ನಾ ಹೊತ್ತ ಜ್ವಾಳದ ಬೀರ್ ಅದು. ಸುರು ಆದ ದಿನ ಒಂದು ಬಾಟ್ಲಿ ತರ್ತೇನಿ. ಅದೊಂದು ದಿನ ಬೈಬ್ಯಾಡಬೇ."

"ತಂದ್ರ ನಿನ್ನ ಮನ್ಯಾಗ ಬಿಟ್ಟುಕೊಳ್ಳಲ್ಲ," ಎಂದಿದ್ದಳು ಮಹಾನಂದಾ.

ಲೈಸೆನ್ಸು, ಅದು ಇದು ಎಂದು ಹೋಟೆಲಿನವರಿಗೆ ತಡವಾಯಿತು. ದಿಲೀಪನಿಗೆ ಅಷ್ಟು ಪುರುಸೊತ್ತಿರಲಿಲ್ಲ. ಒಂದು ಮಧ್ಯಾಹ್ನ ಎದೆ ಉರಿಯುತ್ತದೆಂದು ಚೀಲಗಳ ಮೇಲೆ ಒರಗಿದವನು ಮತ್ತೆ ಏಳಲಿಲ್ಲ. ಈಗ ಅವನ ವರ್ಷದ ಎಡೆ ಬಂದಿತ್ತು. ಹೋದವರು ಏನನ್ನು ಆಸೆಪಟ್ಟಿದ್ದರೋ ಅದನ್ನೇ ಎಡೆ ಇಡಬೇಕು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು, ಅವರು ಬಂದು ಉಣ್ಣುತ್ತಾರೆ. ಹೋಳಿಗೆ, ಕೋಳಿಸಾರು ಮಾಡಬಹುದಿತ್ತು. ಆದರೆ ಅವನು ಆಸೆಪಟ್ಟದ್ದು ಯಾವುದೆಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಆ ಬಾಟಲಿಯಿಲ್ಲದೆ ಊರಿಗೆ ತಿರುಗಿ ಹೋಗುವುದು ಅವಳಿಂದ ಆಗದ ಮಾತು.

ಬಿಸಿಲು ಏರಿತು. ರೇಷನ್ ಅಂಗಡಿಯಲ್ಲಿ ಮಾಡುವಂತೆ ಮೂವರೂ ತಮ್ಮ ಚಪ್ಪಲಿಗಳನ್ನು ಸಾಲಿನಲ್ಲಿ ಬಿಟ್ಟು ಬೇವಿನ ನೆರಳಿಗೆ ಹೋಗಿ ಕೂತರು. ನಿಂಬರ್ಗಾದಲ್ಲಿ ಚಪ್ಪಲಿ ನಿಂತರೆ ಮನುಷ್ಯ ನಿಂತಂತೆಯೇ. ಅದನ್ನು ದಾಟಿ ಮುಂದೆ ಹೋದವನ ಗತಿ ಅಷ್ಟೇ. ಇಲ್ಲಿನ ಹುಡುಗರಿಗೆ ಅದೆಲ್ಲ ಏನು ಗೊತ್ತು! ಶೆಟರ್ ಎತ್ತಿದ ಸದ್ದಿಗೆ ಇವರು ಓಡಿ ಬರುವಷ್ಟರಲ್ಲಿ ಸಾಲು ಮುಂದಕ್ಕೆ ಹರಿದಿತ್ತು, ಚಪ್ಪಲಿಗಳು ಗಟಾರದ ಪಕ್ಕ ಬಿದ್ದಿದ್ದವು.

"ಯಾವಾಂವಲೇ ನಮ್ಮ ಚಪ್ಲಿ ಒಗದಾಂವ? ಪಾಳಿ ನಮ್ಮದದ!" ಸಾಬವ್ವ ಸೆರಗು ಬಿಗಿದು ನಿಂತಳು. ಕೆಲವರು ನಕ್ಕರು, ಕೆಲವರು ಮೊಬೈಲು ಎತ್ತಿ ವಿಡಿಯೋ ಮಾಡಿದರು. ಸಾಲಿನೊಳಗೆ ಬಿಡುವವರು ಯಾರೂ ಇರಲಿಲ್ಲ. ಮೂವರೂ ಕೊನೆಗೆ ಹೋಗಿ ನಿಂತರು. ಇವರ ಸರದಿಗೆ ಇನ್ನೂ ಬಹಳ ಜನರಿರುವಾಗಲೇ ಕೌಂಟರಿನವನು ಮುಗೀತ್ರಿ ಎಂದು ಕೈ ಆಡಿಸಿ ಶೆಟರ್ ಎಳೆದ.

ಮಹಾನಂದಾ ಅಲ್ಲೇ ಕುಸಿದು ಕೂತಳು. ಗಂಡ ಸತ್ತ ದಿನ ಊರೆಲ್ಲ ಸೇರಿದ್ದರೂ ಬಾಯಿಬಿಟ್ಟು ಅಳದವಳು ಈಗ ಮುಚ್ಚಿದ ಬಿಯರಂಗಡಿಯ ಮುಂದೆ ಹೋ ಎಂದು ಅತ್ತಳು. ಮಲ್ಕಮ್ಮ ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು.

ಬಾಟಲಿ ಹಿಡಿದು ಹೋಗುತ್ತಿದ್ದ ಒಬ್ಬ ಹುಡುಗ ನಿಂತ. ಹೆಸರು ಕಲ್ಯಾಣಕುಮಾರ, ಜೇವರ್ಗಿಯವನಂತೆ. "ಕಾಕಿ, ಚಪ್ಲಿ ಸರಿಸಿದ್ದು ನಾನೇರಿ. ಯಾರೋ ಬಿಟ್ಟು ಹೋಗ್ಯಾರ ಅಂದುಕೊಂಡೆ. ಇಷ್ಟಕ್ಕ್ಯಾಕ ಅಳ್ತೀರಿ? ಮುಂದಿನ ವಾರ ಮತ್ತ ಸಿಗ್ತದ."

"ನನ್ನ ಗಂಡನ ಎಡಿ ನಾಳೆ ಅದನೋ ತಮ್ಮಾ," ಎಂದಳು ಮಹಾನಂದಾ.

ಹುಡುಗನ ಮುಖ ಇಳಿಯಿತು. ಬಾಟಲಿಯನ್ನು ಅವಳ ಮಡಿಲಲ್ಲಿಟ್ಟ. ಅವಳು ಸೆರಗಿನ ಗಂಟು ಬಿಚ್ಚಿದಾಗ ಬೇಡವೇ ಬೇಡ ಎಂದು ಹಿಂದೆ ಸರಿದ. "ಎಡಿ ನನ್ನ ದುಡಿಮೀದೇ ಇರಬೇಕಪ್ಪಾ, ಇಲ್ಲಾಂದ್ರ ಅವಗ ಮುಟ್ಟಂಗಿಲ್ಲ," ಎಂದು ಅವಳು ನೋಟುಗಳನ್ನು ಅವನ ಅಂಗಿಯ ಜೇಬಿಗೆ ತುರುಕಿಯೇ ಬಿಟ್ಟಳು.

ಮರುದಿನ ಎಡೆ ಇಟ್ಟರು. ಎಲೆಯ ಪಕ್ಕದಲ್ಲಿ ಮಹಾನಂದಾ ತಾನೇ ಬಾಟಲಿ ತೆರೆದು ಸ್ಟೀಲಿನ ಲೋಟ ತುಂಬಿದಳು. ಬಗ್ಗಿಸುವುದು ಗೊತ್ತಿಲ್ಲದೆ ನೊರೆ ಉಕ್ಕಿ ನೆಲಕ್ಕೆ ಚೆಲ್ಲಿತು. ಅದನ್ನು ಒರೆಸಿ, ಮತ್ತೆ ತುಂಬಿ, ಬಾಗಿಲು ಮುಚ್ಚಿ ಹೊರಗೆ ಬಂದು ಕೂತಳು. ಬೀಗರು, ನೆರೆಯವರು ಅಂಗಳದಲ್ಲಿದ್ದರು. ಹೊತ್ತು ಹೋಯಿತು. ಮಕ್ಕಳು ಹಸಿವೆಂದು ಗಲಾಟೆ ಶುರು ಮಾಡಿದವು. ಬಾಗಿಲು ಬಡಿದು ಒಳಗೆ ಹೋಗಲು ಸಾಬವ್ವ ಎದ್ದಳು.

ಮಹಾನಂದಾ ಅವಳ ಸೀರೆ ಹಿಡಿದು ಜಗ್ಗಿದಳು. "ಇನ್ನೊಂದು ತಾಸು ಇರಲಿ ಬಿಡಬೇ," ಎಂದಳು. "ಇಪ್ಪತ್ತು ವರ್ಷದಾಗ ನಾ ಅವನಿಗಿ ಒಂದಿನಾನೂ ಕುಂತು ಕುಡ್ಯಾಕ ಬಿಡಲಿಲ್ಲ."

ಸಾಬವ್ವ ಮತ್ತೆ ಅವಳ ಪಕ್ಕದಲ್ಲಿ ಕೂತಳು.